ಎರಿ ಹೊಲ, ಉದ್ದ ಲೆನ್ಸು

“ಅಲ್ಲೋ ತಮ್ಮಾ, ಇದರ ರೊಕ್ಕದಾಗ ಒಂದು ಜೋಡಿ ಎತ್ತು ಬರ್ತಿದ್ದುವಲ್ಲ! ಅಂಥಾದ್ದೇನೈತಿ ಇದರಾಗ?”

ರೋಣದಲ್ಲಿ ನಮ್ಮ ಹಿತ್ತಲಿಗೂ ಕಾಕಾನ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಸಂಜೆ ಆ ಕಡೆ ಕಾಕಾ ಎಮ್ಮೆಗೆ ಕಣಿಕಿ ಹಾಕುತ್ತಿರುತ್ತಾರೆ, ಈ ಕಡೆ ನಾನು ಲೆನ್ಸಿನ ಮೇಲೆ ಕೂತ ಎರಿಮಣ್ಣಿನ ಧೂಳು ಊದುತ್ತಿರುತ್ತೇನೆ. ಅವರ ಹೊಲ ಇರುವುದು ನರಗುಂದದ ದಾರಿಗೆ. ನಾನು ಹುಡುಕುವ ಹಕ್ಕಿಗಳೂ ಅದೇ ದಾರಿಗೆ. ಹೀಗಾಗಿ ನಮ್ಮಿಬ್ಬರ ಮಾತು ಬೇಗ ಮುಗಿಯುವುದಿಲ್ಲ.

“ಕಾಕಾ, ಇದು 150ರಿಂದ 600 ಎಂ.ಎಂ. ತನಕ ಹೋಗೂ ಲೆನ್ಸು. 600ಕ್ಕ ಇಟ್ಟು ನೂರು ಮೀಟರ್ ದೂರ ನೋಡಿದ್ರ ಚಿತ್ರದಾಗ ಬರೂದು ಆರು ಮೀಟರ್ ಅಗಲದ ಜಾಗ ಅಷ್ಟ. ಎತ್ತು ಕಟ್ಟಿದ ನಿಮ್ಮ ಚಕ್ಕಡಿ ಒಂದು ಹಿಡಿಸ್ತೈತಿ, ನೋಡ್ರಿ.”

“ಚಕ್ಕಡಿ ತಗದು ಏನ್ ಮಾಡ್ತಿ? ಹಕ್ಕಿ ಎಷ್ಟು ಕಾಣ್ತೈತಿ, ಅದನ್ನ ಹೇಳು.”

ಕಾಕಾ ಕೇಳಿದ್ದೇ ಸರಿಯಾದ ಪ್ರಶ್ನೆ. ನೀಲಕಂಠ ನಮ್ಮ ರಾಜ್ಯದ ಹಕ್ಕಿ, ರೋಣ–ನರಗುಂದ ರಸ್ತೆಯ ಕರೆಂಟು ತಂತಿಗಳ ಮೇಲೆ ಚಳಿಗಾಲವಿಡೀ ಕೂತಿರುತ್ತದೆ. ಉದ್ದ ಒಂದು ಅಡಿ. ನೂರು ಮೀಟರ್ ದೂರದಿಂದ ತೆಗೆದರೆ ಚಿತ್ರದ ಅಗಲದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು. ಅದರ ರೆಕ್ಕೆಯ ಎರಡು ಬಗೆಯ ನೀಲಿ ಬೇರೆಬೇರೆಯಾಗಿ ಕಾಣಬೇಕು, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಮೂಡಬೇಕು ಎಂದರೆ 25 ಮೀಟರಿಗೆ ಬರಬೇಕು. ಸೆನ್ಸರ್ ಚಿಕ್ಕದಿರುವ ಎಪಿಎಸ್-ಸಿ ಕ್ಯಾಮೆರಾ ಆದರೆ ಆ ಆರು ಮೀಟರ್ ನಾಲ್ಕಕ್ಕೆ ಇಳಿಯುತ್ತದೆ, ಅಷ್ಟು ಅನುಕೂಲ. ಎರಡು ಕಿಲೋ ತೂಕದ ಲೆನ್ಸು ಹೊತ್ತರೂ ಹಕ್ಕಿಯ ಹತ್ತಿರ ಇರಬೇಕಾದ್ದು ತಪ್ಪಲಿಲ್ಲ.

“ಹಂಗಾದ್ರ ಅದಕ್ಕಿಂತ ಉದ್ದಂದು ತರಬೇಕಿತ್ತು” ಅಂದರು ಕಾಕಾ. ಉದ್ದದ್ದೂ ಇವೆ. 2015ರಲ್ಲಿ ಬಂದ ನಿಕಾನ್ ಪಿ900 ಒಂದು ಕಿಲೋಗೂ ಕಡಿಮೆ ತೂಗುತ್ತದೆ, 2000 ಎಂ.ಎಂ.ಗೆ ಸಮನಾಗಿ ಎಳೆಯುತ್ತದೆ. 2018ರ ಪಿ1000 ಅದನ್ನು 3000ಕ್ಕೆ ಒಯ್ದಿತು. ಸೆನ್ಸರ್ ಬೆರಳ ಉಗುರಿನಷ್ಟು, ಹಾಗಾಗಿ ಮಬ್ಬು ಬೆಳಕಿನಲ್ಲಿ ಚಿತ್ರ ಕೆಡುತ್ತದೆ. ಆದರೂ ಹಕ್ಕಿ ಯಾವುದೆಂದು ಗುರುತಿಸಲು, ದಾಖಲೆ ಇಡಲು ಅದು ಧಾರಾಳ ಸಾಕು. ಈಗಷ್ಟೇ ಹಕ್ಕಿ ನೋಡಲು ಶುರು ಮಾಡಿದ ಹುಡುಗರು ಕೇಳಿದರೆ ನಾನು ಇನ್ನೂ ಒಂದು ಮೆಟ್ಟಿಲು ಕೆಳಗಿಂದ ಹೇಳುತ್ತೇನೆ: ಮೊದಲು ಒಂದು 8x42 ಬೈನಾಕ್ಯುಲರ್ ಕೊಳ್ಳಿ, ಒಂದು ಹಿಂಗಾರಿ ಪೂರ್ತಿ ಬರೀ ನೋಡಿ. ಜತೆಗೆ ತೇಜಸ್ವಿಯವರ ‘ಹಕ್ಕಿಪುಕ್ಕ’ ಇರಲಿ. ಲೆನ್ಸು ಆಮೇಲೆ.

ಎಷ್ಟೇ ಉದ್ದದ ಲೆನ್ಸು ತಂದರೂ ನಮ್ಮ ಸೀಮೆಯಲ್ಲಿ ಒಂದು ಕಡೆ ಸೋಲುತ್ತದೆ. ಕಪ್ಪು ಮಣ್ಣು ಬಿಸಿಲನ್ನು ಕುಡಿಯುತ್ತದೆ. ಹೊತ್ತು ಏರಿದಂತೆ ನೆಲದ ಮೇಲಿನ ಗಾಳಿ ಪದರ ಪದರವಾಗಿ ಕಾಯುತ್ತದೆ, ಅದರೊಳಗಿಂದ ಬರುವ ಬೆಳಕು ಬಾಗಿ ಬಳುಕುತ್ತದೆ. ಕಾದ ರೊಟ್ಟಿ ಹಂಚಿನ ಮೇಲೆ ಗಾಳಿ ಕುಣಿಯುತ್ತದಲ್ಲ, ಹಾಗೆ. ನೂರೈವತ್ತು ಮೀಟರ್ ಆಚೆಯ ಹಕ್ಕಿಯ ಗರಿಗಳೆಲ್ಲ ಕರಗಿ ಒಂದಾಗುತ್ತವೆ. ಲೆನ್ಸು ಹಕ್ಕಿಯನ್ನು ಎಷ್ಟು ದೊಡ್ಡದು ಮಾಡುತ್ತದೋ ಈ ಬಳುಕನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಶಟರ್ ವೇಗ ಹೆಚ್ಚಿಸಿದರೂ, ಟ್ರೈಪಾಡ್ ಹೂಡಿದರೂ, ಮನೆಗೆ ಬಂದು ಕಂಪ್ಯೂಟರಿನಲ್ಲಿ ತಿದ್ದಿದರೂ ಅದು ಹೋಗುವುದಿಲ್ಲ. ಹುಬ್ಬಳ್ಳಿ, ಬೆಂಗಳೂರು ಕಡೆಯಿಂದ ಬಂದ ಎಷ್ಟೋ ಗೆಳೆಯರು ನಡುಮಧ್ಯಾಹ್ನ ಚಿತ್ರ ತೆಗೆದು ಲೆನ್ಸಿನಲ್ಲಿ ದೋಷ ಇದೆಯೆಂದು ಅಂಗಡಿಗೆ ಒಯ್ದಿದ್ದಾರೆ. ಲೆನ್ಸಿನ ದೋಷವಲ್ಲ ಅದು, ಎರಿ ಭೂಮಿಯ ಗುಣ. ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು ಮತ್ತು ಸಂಜೆ ನೆಲ ತಣ್ಣಗಾದ ಮೇಲಿನ ಸ್ವಲ್ಪ ಹೊತ್ತು ನಮ್ಮವು. ನಡುವಿನದು ಊಟಕ್ಕೆ, ನಿದ್ದೆಗೆ.

ಇದನ್ನು ಹೇಳಿದಾಗ ಕಾಕಾ ಸುಮ್ಮನೆ ತಲೆಯಾಡಿಸಿದರು. ಹೊಲದ ಕೆಲಸದ ಹೊತ್ತೂ ಅದೇ ಅಲ್ಲವೇ?

“ಅದಿರಲಿ, ನನಗೊಂದು ತಿಳೀವಲ್ದು. ನಾ ಕುಂಟಿ ಹೊಡಿವಾಗ ಬೆಳ್ಳಕ್ಕಿ ಎತ್ತಿನ ಕಾಲಾಗ ಬಂದು ಹುಳ ಹೆಕ್ತಾವ. ಕೈ ಚಾಚಿದ್ರ ಸಿಗಬೇಕು, ಅಷ್ಟು ಸನೇಕ. ನೀ ಒಡ್ಡಿನ ಮ್ಯಾಲ ಕಾಲಿಟ್ರ ಯಾಕ ಹಾರ್ತಾವ?”

“ನೀವು ನಿಮ್ಮ ಕೆಲಸದ ಮ್ಯಾಲ ಇರ್ತೀರಿ ಕಾಕಾ. ನಾ ಅದರ ಕಣ್ಣಾಗ ಕಣ್ಣಿಟ್ಟು ನೆಟ್ಟಗ ಅದರ ಕಡೀನ ನಡದು ಹೋಗ್ತೇನಿ. ಬ್ಯಾಟಿಗಾರ ಬರೂದೂ ಹಂಗ.”

ಮಲೆನಾಡಿನಲ್ಲಾದರೆ ಮರದ ಮರೆ ಉಂಟು, ಪೊದೆಯ ಮರೆ ಉಂಟು. ಇಲ್ಲಿ ಬಯಲು. ಬನ್ನಿಗಿಡ, ಜಾಲಿಗಿಡ ಬಿಟ್ಟರೆ ಮೈಲುಗಟ್ಟಲೆ ಎದ್ದು ನಿಂತ ವಸ್ತುವೇ ಇಲ್ಲ. ಮನುಷ್ಯ ನಿಂತರೆ ಸುತ್ತಲಿನ ಪ್ರಾಣಿಗೆಲ್ಲ ಗೊತ್ತು. ಆದರೆ ಟ್ರ್ಯಾಕ್ಟರ್, ಚಕ್ಕಡಿ, ರಸ್ತೆಬದಿಯ ಕಾರು ಅವಕ್ಕೆ ದಿನದ ನೋಟ. ಅದಕ್ಕೇ ವಾಹನದೊಳಗೇ ಕೂತು ಕಾಯುವುದು ಮೇಲು. ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ. ಎಂಜಿನ್ನಿನ ನಡುಕ 600 ಎಂ.ಎಂ.ನಲ್ಲಿ ಎದ್ದು ಕಾಣುತ್ತದೆ. ಕಿಟಕಿ ಗಾಜು ಇಳಿಸಿ ಅದರ ಮೇಲೆ ಒಂದು ಬಟ್ಟೆಚೀಲ ಇಟ್ಟು ಲೆನ್ಸು ಮಲಗಿಸಬೇಕು. ಅಂಗಡಿಯಲ್ಲಿ ಇದಕ್ಕೇ ಅಂತ ಬೀನ್ ಬ್ಯಾಗ್ ಸಿಗುತ್ತದೆ. ನನ್ನದು ಕಾಕಿಯ ಹಳೆಯ ಸೀರೆಯಲ್ಲಿ ಹೊಲಿದ ಚೀಲ, ಒಳಗೆ ಕಾಕಾನ ಹೊಲದ ಕಡ್ಲಿ. ಎರಡು ಸೇರು ಕಡ್ಲಿ ತುಂಬಿದ ಚೀಲದಷ್ಟು ಗಟ್ಟಿಯಾಗಿ ಲೆನ್ಸನ್ನು ಹಿಡಿಯುವ ವಸ್ತುವನ್ನು ನಾನು ಕಂಡಿಲ್ಲ. ಕಾರಿಲ್ಲದವರು ಬೈಕ್ ನಿಲ್ಲಿಸಿ ಸೀಟಿನ ಮೇಲೆ ಚೀಲ ಇಟ್ಟು ಅದರ ಹಿಂದೆ ಕುಕ್ಕರಗಾಲಲ್ಲಿ ಕೂರಬಹುದು.

ಕೈಯಲ್ಲೇ ಹಿಡಿಯುವುದಾದರೆ ಶಟರ್ ಸೆಕೆಂಡಿನ 600ನೇ ಒಂದು ಪಾಲಿಗಿಂತ ನಿಧಾನ ಇರಬಾರದು ಎನ್ನುವುದು ಹಳೆಯ ಲೆಕ್ಕ. ಹಾರುವ ಹಕ್ಕಿಗೆ 2000ನೇ ಒಂದು ಪಾಲು ಬೇಕು. ಲೆನ್ಸಿನೊಳಗಿನ ನಡುಕ ತಡೆಯುವ ಯಂತ್ರ ನಿಮ್ಮ ಕೈಯ ನಡುಕ ನಿಲ್ಲಿಸುತ್ತದೆ, ಹಕ್ಕಿಯ ರೆಕ್ಕೆಯನ್ನಲ್ಲ.

ಇನ್ನೊಂದು ಮಾತು ಎರಿ ಹೊಲಕ್ಕೇ ಸೇರಿದ್ದು, ಬೇರೆ ಕಡೆಯ ಕ್ಯಾಮೆರಾ ಪಾಠಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಹಸಿ ಎರಿಮಣ್ಣಿನ ಮೇಲೆ ಬೆಳ್ಳಕ್ಕಿ ನಿಂತಿದೆ ಅನ್ನಿ. ಕ್ಯಾಮೆರಾ ಎಲ್ಲವನ್ನೂ ನಡು ಬೂದಿ ಬಣ್ಣಕ್ಕೆ ತರಲು ನೋಡುತ್ತದೆ. ಮುಕ್ಕಾಲು ಪಾಲು ಕಪ್ಪೇ ಕಂಡಾಗ ಕತ್ತಲಿದೆ ಎಂದು ತಿಳಿದು ಬೆಳಕು ಹೆಚ್ಚಿಸುತ್ತದೆ. ಮಣ್ಣು ಬೂದಿ ಆಗುತ್ತದೆ, ಬೆಳ್ಳಕ್ಕಿ ಗರಿಯಿಲ್ಲದ ಬರೀ ಬಿಳಿ ಗುರುತು ಆಗುತ್ತದೆ. ಅದಕ್ಕೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಕೆಲವೊಮ್ಮೆ ಒಂದೂವರೆ ಸ್ಟಾಪ್ ಇಳಿಸಬೇಕು. ಆಗ ಮಣ್ಣು ಮಣ್ಣಿನ ಬಣ್ಣದಲ್ಲೇ ಉಳಿದು ಗರಿ ಗರಿಯೂ ಎಣಿಸುವಂತೆ ಬರುತ್ತದೆ. ಅಂಥ ಒಂದು ಚಿತ್ರ ಕಾಕಾನಿಗೆ ತೋರಿಸಿದಾಗ ಅವರು ಹಕ್ಕಿಯನ್ನು ಬಿಟ್ಟು ಮೊದಲು ಮಣ್ಣನ್ನೇ ನೋಡಿದರು. “ಹಸಿ ಚಲೋ ಐತಿ” ಅಂದರು. ಆ ಚಿತ್ರಕ್ಕೆ ನಾನು ಇದಕ್ಕಿಂತ ದೊಡ್ಡ ಮೆಚ್ಚುಗೆ ಬಯಸಿರಲಿಲ್ಲ.

ಉದ್ದ ಲೆನ್ಸು ಕೊಡುವ ಸಂತೋಷವೂ ಒಂದಿದೆ. ದೂರದಿಂದ ತೆಗೆಯುವುದರಿಂದ ಹಿಂದಿನದು ಮುಂದಿನದು ಒತ್ತಟ್ಟಿಗೆ ಬರುತ್ತವೆ. ಬಯಲ ನಡುವೆ ಒಂಟಿಯಾಗಿ ಎದ್ದ ನರಗುಂದ ಗುಡ್ಡ, ಅಲ್ಲಿಯ ಅರಸ ಬಾಬಾಸಾಹೇಬ 1858ರಲ್ಲಿ ಬ್ರಿಟಿಷರ ಎದುರು ನಿಂತ ಆ ಕೋಟೆಯ ಗುಡ್ಡ, ಕಿಲೋಮೀಟರುಗಳಾಚೆ ಇದ್ದರೂ ತಂತಿ ಮೇಲಿನ ನೀಲಕಂಠದ ಬೆನ್ನಿಗೇ ಬಂದು ನಿಲ್ಲುತ್ತದೆ. ಹಕ್ಕಿಯ ಮುಖವಷ್ಟೇ ತುಂಬಿದ ಚಿತ್ರಕ್ಕಿಂತ ನನಗೆ ಇಂಥದ್ದು ಹೆಚ್ಚು. ಊರಿನ ಗುರುತಿಲ್ಲದ ಹಕ್ಕಿ ಎಲ್ಲಿಯದಾದರೂ ಆಗಬಹುದು.

ಸೀಗಿ ಹುಣ್ಣಿವಿ ಹೊತ್ತಿಗೆ ಸೆಳೆವಗಳು ಬರುತ್ತವೆ, ಹ್ಯಾರಿಯರ್ ಅನ್ನುವ ಗಿಡುಗಗಳು. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬಂದು ನಮ್ಮ ಕಡ್ಲಿ, ಜೋಳದ ಮೇಲೆ ಆಳೆತ್ತರದಲ್ಲಿ ತೇಲುತ್ತ ಮಿಡತೆ, ಇಲಿ ಹಿಡಿಯುತ್ತವೆ. ಯುಗಾದಿ ಸುತ್ತಮುತ್ತ ಹಿಂದಿರುಗುತ್ತವೆ. ಜೋಳ ಹಾಲುಗಾಳಿಗೆ ಬಂದಾಗ ಗುಲಾಬಿ ಮೈಯ ಕಬ್ಬಕ್ಕಿಗಳ ಹಿಂಡು. ಅದನ್ನು ಕಂಡರೆ ನನಗೆ ಚಿತ್ರ, ಅಟ್ಟದ ಮೇಲೆ ಕವಣಿ ಹಿಡಿದು ನಿಂತ ಕಾಕಾನಿಗೆ ತೆನೆಯ ಚಿಂತೆ. ಚಿಗರಿಯದೂ ಹಾಗೇ. ಬೆಳಗಿನ ಬಿಸಿಲಲ್ಲಿ ಗಂಡು ಚಿಗರಿ ತಿರುಚುಗೊಂಬು ಎತ್ತಿ ನಿಂತಿತೆಂದರೆ ಅದರ ಕಪ್ಪು ಬಿಳುಪಿಗೆ ಎರಡೂ ಕಡೆ ಬೆಳಕು ಹೊಂದಿಸುವುದೇ ಒಂದು ಪರೀಕ್ಷೆ. ಅದೇ ಹಿಂಡು ಇರುಳು ಮೊಳಕೆ ಕಡ್ಲಿ ಮೇದು ಹೋಗಿರುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಮುಟ್ಟುವಂತಿಲ್ಲ. ಮೇಯಲು ಬಿಟ್ಟು ಸಹಿಸಿಕೊಂಡ ರೈತನ ಹೊಲದಲ್ಲಿ ನಿಂತು ನಾವು ಚಿತ್ರ ತೆಗೆಯುತ್ತೇವೆ ಎನ್ನುವುದನ್ನು ಮರೆಯಬಾರದು.

“ಫೋಟೋದವರು ಬರ್ಲಿ ತಮ್ಮಾ, ಬ್ಯಾಡ ಅನ್ನಾಂಗಿಲ್ಲ. ಬಿತ್ತಿದ ಹೊಲಾ ತುಳದು ಹೋಗ್ತಾರಲ್ಲ, ಅದು ಸಂಕಟ. ಒಡ್ಡು ಹಿಡದು ಬರಾಕ ಏನ್ ಧಾಡಿ? ಮುಂಜಾನಿ ಕಡ್ಲಿಯಾಗ ಹೊಕ್ಕರ ಹುಳಿ ನೀರು ಅವರ ಅರಬಿ, ಚಪ್ಪಲಿನೂ ತಿಂತೈತಿ.”

ಕಾಕಾ ಹೇಳಿದ್ದು ನಿಜ. ಕಡ್ಲಿಗಿಡದ ಎಲೆ ಆಮ್ಲ ಸ್ರವಿಸುತ್ತದೆ. ಇಬ್ಬನಿಯಲ್ಲಿ ಬೆರೆತ ಆ ಹುಳಿಯನ್ನು ಹಿಂದಿನವರು ಬಟ್ಟೆ ಹಾಸಿ ಹಿಂಡಿಕೊಳ್ಳುತ್ತಿದ್ದರು. ನೆಲಕ್ಕೆ ಮಲಗಿ ಚಿತ್ರ ತೆಗೆಯುವ ಆಸೆ ಇದ್ದವರು ಒಡ್ಡಿನ ಮೇಲೆ ಮಲಗಬೇಕು, ಕಡ್ಲಿಯಲ್ಲಿ ಅಲ್ಲ.

ಗಜೇಂದ್ರಗಡದ ಗುಡ್ಡಸಾಲು ಬೇರೆಯೇ ಪ್ರಪಂಚ. ಕಾಲಕಾಲೇಶ್ವರನ ಗುಡಿ, ಕೋಟೆ, ಕುರುಚಲು, ಗಾಳಿಯಂತ್ರಗಳು. ಅವನ್ನು ತಿರುಗಿಸುವ ಗಾಳಿ ಲೆನ್ಸಿನ ಉದ್ದನೆಯ ಹುಡ್ಡನ್ನೂ ಹಿಡಿದು ಅಲುಗಿಸುತ್ತದೆ. ಅಲ್ಲಿ ಟ್ರೈಪಾಡನ್ನು ತಗ್ಗಿಸಿ, ಬಂಡೆಯ ಮರೆಗೆ ಕೂತು, ಜೋತಾಡುವ ಕೊರಳಪಟ್ಟಿ ಬಿಚ್ಚಿಡಬೇಕು. ಆ ಗಡವನ್ನು ಆಳಿದವರು ಘೋರ್ಪಡೆಗಳು. ಅದೇ ಮನೆತನದ ಹೆಸರು ಹೊತ್ತ ಸಂಡೂರಿನ ಎಂ.ವೈ. ಘೋರ್ಪಡೆ, ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳಿಗೆ ದೇಶದಾಚೆಗೂ ಹೆಸರಾದರು. 1983ರಲ್ಲಿ ಬಂದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಇವತ್ತಿಗೂ ಕಲಿಯುವವರಿಗೆ ಪಠ್ಯ. ಒಂದು ರೋಲಿಗೆ 36 ಚಿತ್ರಗಳ ಕಾಲ ಅದು. ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ಹೊಡೆಯುವ ನಮ್ಮ ಕ್ಯಾಮೆರಾಗಳಿಗಿಂತ ಆಗಿನ ಕಾಯುವಿಕೆ ದೊಡ್ಡದು ಎಂದೇ ನನ್ನ ನಂಬಿಕೆ.

ಈ ಗುಡ್ಡದಲ್ಲಿ ತೋಳ ಇದೆ. ಹುಲಿಯಷ್ಟೇ ಕಾನೂನಿನ ರಕ್ಷಣೆ ಇರುವ, ಆದರೆ ಹುಲಿಯಂತೆ ದೊಡ್ಡ ಕಾಡಿಲ್ಲದ ಪ್ರಾಣಿ. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಅದಕ್ಕೆಂದೇ ಒಂದು ಧಾಮ ಆಗಿದೆ. ಗಜೇಂದ್ರಗಡದ ತೋಳಕ್ಕೆ ಕುರಿಗಾರನ ಹಟ್ಟಿಯ ಆಸುಪಾಸೇ ನೆಲೆ. ಮರಿ ಕಳಕೊಂಡ ಕುರಿಗಾರನಿಗೆ ಅದರ ಮೇಲೆ ಸಿಟ್ಟಿರುವುದು ಸಹಜ, ಆದರೂ ಅದರ ಓಡಾಟ ಅವನಷ್ಟು ಬಲ್ಲವರು ಯಾರೂ ಇಲ್ಲ. ತೋಳ ಮರಿ ಹಾಕುವುದು ಚಳಿಗಾಲಕ್ಕೆ, ನಾವು ಕ್ಯಾಮೆರಾ ಹೊತ್ತು ಹೊರಡುವ ಕಾಲಕ್ಕೇ. ಗವಿಯ ಹತ್ತಿರ ಮನುಷ್ಯರ ಸುಳಿದಾಟ ಹೆಚ್ಚಿದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿ ಬೇರೆಡೆಗೆ ಸಾಗಿಸುತ್ತದೆ, ಆ ಸಾಗಾಟದಲ್ಲಿ ನಾಯಿಗಳ ಬಾಯಿಗೆ ಸಿಗುವ ಅಪಾಯ ಇದೆ. ಇಷ್ಟು ಉದ್ದದ ಲೆನ್ಸು ಇರುವುದೇ ದೂರ ನಿಲ್ಲಲಿಕ್ಕೆ. ಅದನ್ನು ಹೊತ್ತು ಗವಿಯ ಬಾಯಿಗೇ ಹೋಗುವವರಿಗೆ ಲೆನ್ಸು ಯಾಕೆ ಬೇಕು?

ಗದಗ ದಾಟಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೂ ಇದೇ ಮಾತು ಸಲ್ಲುತ್ತದೆ. 2024ರ ಜನವರಿಯಲ್ಲಿ ಅಘನಾಶಿನಿ, ಅಂಕಸಮುದ್ರದ ಜತೆಗೆ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿದ ಕೆರೆ ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇರುಳಿಡೀ ಹೊಲಗಳಲ್ಲಿ ಮೇದು ಹಗಲು ನೀರಿನ ಮೇಲೆ ದಣಿವಾರಿಸಿಕೊಳ್ಳುತ್ತವೆ. ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ, ಕಲ್ಲೆಸೆದು ಎಬ್ಬಿಸುವವರನ್ನು ಕಂಡು ನನಗೆ ಹೊಟ್ಟೆ ಉರಿದಿದೆ. ಮುಸ್ಸಂಜೆ ಅವು ತಾವಾಗಿಯೇ ಏಳುತ್ತವೆ. ಅಲ್ಲಿಯವರೆಗೆ ಏರಿಯ ಮೇಲೆ ಕೂತಿರಿ.

ರೋಣ, ನರಗುಂದ, ಗಜೇಂದ್ರಗಡ, ನಮ್ಮ ಈ ಮೂರೂ ತಾಲೂಕಿಗೆ ಲೆನ್ಸು ಹೊತ್ತು ಬರುವವರಿಗೆ ಸ್ವಾಗತ. ಹೊಲದವರನ್ನು ಮಾತಾಡಿಸಿ, ಒಪ್ಪಿಗೆ ಕೇಳಿ, ಒಡ್ಡು ಹಿಡಿದು ನಡೆಯಿರಿ. ಗೂಡಿನ, ಗವಿಯ ಚಿತ್ರ ಬೇಡ. ತೋಳ ಕಂಡರೆ ಚಿತ್ರದ ಜತೆ ಜಾಗದ ಹೆಸರು ಹಾಕಬೇಡಿ. ಗಾಯಗೊಂಡ ಪ್ರಾಣಿ ಕಂಡರೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ.