ಎಲ್ಲಾ ಪುಟಕ್ಕೂ ಅಧ್ಯಕ್ಷರು

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ, ಯಾವ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಝೆರಾಕ್ಸ್ ಅಂಗಡಿಯ ಮಾಳಿಗೆ ಮೇಲೆ ಈತ ಸಿಗುತ್ತಾನೆ. ಬೋರ್ಡು ಕನ್ನಡ, ಫೋನು ಮರಾಠಿ, ಬೈಗುಳ ಎರಡೂ. ಪತ್ತಿನ ಸೊಸೈಟಿ, ತಂಬಾಕಿನ ವ್ಯಾಪಾರಿ, ಚಪ್ಪಲಿ ಅಂಗಡಿ, ಯಾರೇ ಬರಲಿ, ವೆಬ್‌ಸೈಟ್ ಮಾಡಿಕೊಡುವ ಇಂಜಿನಿಯರ್ ಸಾಹೇಬ್ರು.

ಮೊದಲು ಇವರದು ಕಾಪಿ-ಪೇಸ್ಟ್ ಸಂಸಾರ. ಸೊಸೈಟಿ ಅಧ್ಯಕ್ಷರ ಫೋಟೊ, ಹೆಸರು, ಮೊಬೈಲ್ ನಂಬರನ್ನು ಪ್ರತಿ ಪುಟಕ್ಕೂ ಕೈಯಾರೆ ಅಂಟಿಸುತ್ತಿದ್ದರು. ಚುನಾವಣೆ ಮುಗಿದು ಹೊಸಬರು ಹಾರ ಹಾಕಿಸಿಕೊಂಡು ತಿಂಗಳಾದರೂ ‘ಠೇವಣಿ ಬಡ್ಡಿದರ’ದ ಪುಟದಲ್ಲಿ ಸೋತವರೇ ನಗುತ್ತಿದ್ದರು.

ಆಮೇಲೆ ವೆಬ್‌ಸೈಟ್ ಕಟ್ಟುವ ಚೌಕಟ್ಟು ಲಾರಾವೆಲ್ ಬಂತು. ಆಪ್ ಸರ್ವಿಸ್ ಪ್ರೊವೈಡರ್‌ನ ಬೂಟ್‌ನಲ್ಲಿ ‘ವ್ಯೂ ಷೇರ್’ ಎಂದು ಒಂದೇ ಸಾಲು ಬರೆದರೆ ಅಧ್ಯಕ್ಷರು ಎಲ್ಲಾ ಪುಟಕ್ಕೂ ಹಾಜರ್! ಸಾಹೇಬ್ರಿಗೆ ಮೈಮೇಲೆ ದೇವರು ಬಂದಂತಾಯಿತು. ಬಡ್ಡಿದರ, ಕಬ್ಬಿನ ಎಫ್‌ಆರ್‌ಪಿ, ದೀಪಾವಳಿ ಶುಭಾಶಯ, ನಿರ್ದೇಶಕರ ಹುಟ್ಟುಹಬ್ಬ, ಎಲ್ಲವೂ ಷೇರ್.

“ಸಾಹೇಬ್ರ, ಸಾಲದ ಫಾರ್ಮಿನ್ಯಾಗ ಕಬ್ಬಿನ ರೇಟ್ ಯಾಕ್ರಿ?”

“ಇರ್ಲಿ ಬಿಡ್ರಿ, ಪುಗಸಟ್ಟೆ ಬರ್ತೈತಿ.”

ಪುಗಸಟ್ಟೆ ಎಲ್ಲಿಯದು? ಯಾರು ಯಾವ ಪುಟ ತೆರೆದರೂ ಬೂಟ್ ಓಡಿ ಅಷ್ಟನ್ನೂ ಡೇಟಾಬೇಸಿನಿಂದ ಹೊತ್ತು ತರಬೇಕು. ಹೊಸ ಸರ್ವರಿನಲ್ಲಿ ಟೇಬಲ್ಲು ಕಟ್ಟಲು ಮೈಗ್ರೇಷನ್ ಕೊಟ್ಟರಂತೂ, ಇನ್ನೂ ಹುಟ್ಟದ ಟೇಬಲ್ಲಿಗೆ ಹೋಗಿ ಅಧ್ಯಕ್ಷರು ಯಾರೆಂದು ಕೇಳಿ ಅಲ್ಲೇ ಕುಸಿಯುತ್ತದೆ.

ಸಾಹೇಬ್ರು ಅಷ್ಟಕ್ಕೆ ನಿಲ್ಲಲಿಲ್ಲ. ಲಾಗಿನ್ ಆದವರ ಹೆಸರನ್ನೂ ಅಲ್ಲಿಯೇ ಷೇರ್ ಮಾಡಿದರು. ಬೂಟ್ ಓಡುವ ಹೊತ್ತಿಗೆ ಸೆಷನ್ ಇನ್ನೂ ಶುರುವಾಗಿರುವುದಿಲ್ಲ, ಒಳಗೆ ಬಂದವರು ಯಾರೆಂದು ಅದಕ್ಕೆ ಗುರುತೇ ಸಿಗದು. ಅಧ್ಯಕ್ಷರು ಪಾಸ್‌ವರ್ಡ್ ಹಾಕಿ ಒಳಬಂದರೆ ‘ನಮಸ್ಕಾರ, ಅತಿಥಿ’. ಫೋನು ಬಂತು: “ನನ್ನ ಸೊಸೈಟ್ಯಾಗ ನಾನ ಬೀಗ ಏನಲೇ?”

ಪುಣೆಯಲ್ಲಿ ಕೆಲಸಕ್ಕಿರುವ ಅಳಿಯ ವ್ಯೂ ಕಂಪೋಸರ್ ಹೇಳಿಕೊಟ್ಟ. ಅದು ಪುಟ ಬಿಡಿಸುವ ಹೊತ್ತಿಗಷ್ಟೇ ಓಡುತ್ತದೆ, ಅಷ್ಟರಲ್ಲಿ ಬಂದವರ ಗುರುತು ಸಿಕ್ಕಿರುತ್ತದೆ. “ಹೆಡರ್‌ಗಷ್ಟ ಕಟ್ರಿ ಮಾಮಾ” ಅಂದಿದ್ದ. ಯಾರಿಗೂ ಬೇಜಾರಾಗಬಾರದೆಂದು ಮಾಮಾ ಅಧ್ಯಕ್ಷರನ್ನೂ ಕಂಪೋಸರ್‌ಗೇ ಸೇರಿಸಿ, ನಕ್ಷತ್ರ ಚಿಹ್ನೆ ಹಾಕಿ ಸಕಲ ವ್ಯೂಗಳಿಗೂ ಕಟ್ಟಿದರು. ಹೆಡರ್ ಒಂದು ವ್ಯೂ, ಮೆನು ಒಂದು, ಸದಸ್ಯರ ಪಟ್ಟಿಯ ಒಂದೊಂದು ಸಾಲೂ ಒಂದೊಂದು ವ್ಯೂ. 40 ಸದಸ್ಯರ ಪುಟ ತೆರೆದರೆ 40 ಸಲಕ್ಕೂ ಮಿಕ್ಕಿ ಡೇಟಾಬೇಸಿಗೆ ಅದೇ ಪ್ರಶ್ನೆ: ಅಧ್ಯಕ್ಷರು ಯಾರು?

“ಮಾಮಾ, ಐದು ವರ್ಷಕ್ಕೊಮ್ಮೆ ಬದಲಾಗೂ ಹೆಸರು. ಕ್ಯಾಶ್‌ನ್ಯಾಗ ಇಡ್ರಲ್ಲಾ.”

ಸಾಹೇಬ್ರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಮ್ಮ ಕಡೆ ರಾಜಕೀಯ ನಿನಗ ಗೊತ್ತಿಲ್ಲಪಾ. ಕೇಳ್ಕೋತನ ಇರಬೇಕು.”