ಪಾದತತ್ತ್ವಮೀಮಾಂಸೆ

ಪಾದವು ಎಡ, ಬಲ ಎಂದು ದ್ವಿವಿಧವಾದುದೆಂಬುದು ಪಾಮರರ ಮತವು. ಭೂಮಾಪನದ ನಕ್ಷೆಗಳನ್ನು ರಚಿಸುವ ತಂತ್ರಾಂಶಗಳಿಗೆ ಮಾನಗಳ ಪಟ್ಟಿಯನ್ನು ಒದಗಿಸಿದ ಮಹಾಮಹೋಪಾಧ್ಯಾಯರಾದರೋ, 'ಭಾರತೀಯ ಪಾದ'ವೆಂಬ ಒಂದೇ ಅಡಿಯೊಳಗೆ ನಿರ್ವಿಶೇಷವಾದುದು, 1937ರದು, 1962ರದು, 1975ರದು ಎಂದು ನಾಲ್ಕು ಪ್ರಭೇದಗಳನ್ನು ಸಾಕ್ಷಾತ್ಕರಿಸಿಕೊಂಡಿರುವರು. 1962ರ ಪಾದವು 0.3047996 ಮೀಟರು, 1975ರದು 0.3047995. ಹದಿಮೂರು ವರ್ಷಗಳಲ್ಲಿ ಭಾರತಮಾತೆಯ ಪಾದವು ಮೀಟರಿನ ಕೋಟಿಯಲ್ಲೊಂದು ಪಾಲು ಸವೆದುದು ಬರಿಗಾಲಿನ ನಡಿಗೆಯಿಂದಲೋ, ದಶಮಾಂಶದ ಬಾಲವನ್ನು ಮೊಟಕಿದುದರಿಂದಲೋ ಎಂಬಲ್ಲಿ ಆಚಾರ್ಯರು ಮೌನವನ್ನು ವಹಿಸಿರುವರು.

ಇನ್ನು ವಿದೇಶೀಯ ಪಾದಗಳು. 1959ರಲ್ಲಿ 0.3048 ಮೀಟರೆಂದು ನಿಶ್ಚಿತವಾದ ಅಂತರರಾಷ್ಟ್ರೀಯ ಪಾದವು ಪ್ರಥಮವು, 2022ರ ಅಂತ್ಯಕ್ಕೆ ಸ್ವದೇಶದಲ್ಲಿಯೇ ವಿಧ್ಯುಕ್ತವಾಗಿ ನಿವೃತ್ತವಾಗಿಯೂ ಪಟ್ಟಿಯನ್ನು ಬಿಟ್ಟು ತೊಲಗದ ಅಮೆರಿಕದ ಭೂಮಾಪನ ಪಾದವು ದ್ವಿತೀಯವು, ತೃತೀಯವು ಕ್ಲಾರ್ಕನ ಪಾದವು, ಚತುರ್ಥವು... ಇರಲಿ, ಈ ಕಾಲುಗಳ ಸಂತೆ ಸಾಕು.

ಆಂಧ್ರ-ಕರ್ನಾಟಕ ಗಡಿಯ ಕೊಡಿಕೊಂಡದ ಚೆಕ್‌ಪೋಸ್ಟಿಗೆ ಬರೋಣ. ಗಡಿಯ ಇತ್ತ, ಮದರಾಸು ಪದ್ಧತಿಯಿಂದ ಬಂದ ಆಂಧ್ರದ ಎಕರೆಗೆ ನೂರು ಸೆಂಟು. ಅತ್ತ ಬಾಗೇಪಲ್ಲಿಯ ಕಡೆ, ಮುಂಬಯಿ ಪದ್ಧತಿಯನ್ನು ಅನುಸರಿಸಿದ ಮೈಸೂರಿನ ಎಕರೆಗೆ ನಲವತ್ತು ಗುಂಟೆ. 43,560 ಚದರಡಿಯ ಎಕರೆ ಎರಡೂ ಕಡೆ ಒಂದೇ. ಅದರ ಮುಂದಿನ ಚುಕ್ಕೆಯ ಅರ್ಥ ಬೇರೆ. '1.20' ಎಂದು ಬರೆದುದು ಇತ್ತ ಒಂದೂಕಾಲು ಎಕರೆಗೆ ಐದು ಸೆಂಟು ಕಡಮೆ, ಅತ್ತ ಒಂದೂವರೆ ಎಕರೆ.

ಗಡಿಯಾಚೆ ಪಿತ್ರಾರ್ಜಿತವುಳ್ಳ ನಮ್ಮ ಕಡೆಯ ಹಿರಿಯರೊಬ್ಬರ ಜಮೀನನ್ನು ಪಾಲುಪಟ್ಟಿಗೆಂದು ನಕ್ಷೆಗಿಳಿಸಿದ ಅಂಗಡಿಯ ತರುಣನು, ಪಹಣಿಯ ಆ 1.20ನ್ನು ಇದ್ದಂತೆಯೇ ಯಂತ್ರಕ್ಕೆ ಉಣಿಸಿದನು.

"ಏನಪ್ಪಾ, ನನ್ನ ಹನ್ನೆರಡು ಗುಂಟೆ ಎಲ್ಲೋಯ್ತು?"

"ಕಂಪ್ಯೂಟರಲ್ಲಿ ಅಷ್ಟೇ ಬರೋದು, ತಾತಾ."

ಹನ್ನೆರಡು ಗುಂಟೆಯೆಂದರೆ 13,068 ಚದರಡಿ. ರಸ್ತೆ ಬಿಡದೆ ಕೊರೆದರೆ ಮೂವತ್ತು ನಲವತ್ತರ ಹತ್ತು ಸೈಟು. ಆ ಪರದೆಯ ಮೇಲೆ ಪಾದಗಳ ಸಾಲೇ ಇದ್ದಿತು, ಗುಂಟೆಯಿರಲಿಲ್ಲ. ಕೋಟಿಯಲ್ಲೊಂದು ಪಾಲಿನ ಸವೆತವನ್ನು ಕಂಡ ಕಣ್ಣಿಗೆ ಹತ್ತು ಸೈಟು ಕಾಣದೆ ಹೋಯಿತೆ? ಮೂವತ್ತಮೂರು ಅಡಿಯ ಸರಪಳಿಯನ್ನು ಎರಡು ದಿಕ್ಕಿಗೂ ಎಳೆದರೆ ಗುಂಟೆ, ಗುಂಟೆಗೆ ಹದಿನಾರು ಆಣೆ ಎಂದು ಬದುವಿನ ಮೇಲೆ ನಿಂತು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಮುದುಕರು, ತಮ್ಮ ಹೊಲ ಎಷ್ಟೆಂದು ಈಗ ಮೊಮ್ಮಗನ ವಯಸ್ಸಿನವನ ಮುಂದೆ ಕೈಕಟ್ಟಿ ನಿಂತು ಕೇಳಬೇಕಾಗಿದೆ.

ಗಡಿ ದಾಟಿ ಜಮೀನಿನ ವ್ಯವಹಾರ ಮಾಡುವ ವಾಚಕರು ಪಹಣಿಯ ಗುಂಟೆಗಳನ್ನು ನಲವತ್ತರಿಂದ ಭಾಗಿಸಿದ ಮೇಲೆಯೇ ಯಂತ್ರಕ್ಕೆ ಕೊಡಿಸಬೇಕು. ಒಂದು ಎಕರೆ ಇಪ್ಪತ್ತು ಗುಂಟೆಯೆಂದರೆ 1.50.