ಮಾಡೋಣ ರಾಯರು

ಪ್ರತಿ ಕಚೇರಿಯಲ್ಲೂ ಇಂಥವರು ಒಬ್ಬರಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ಅದು ಬಳಕೆಗೆ ಬರುವುದು ಸಂಬಳದ ದಿನ ಮಾತ್ರ. ಮಿಕ್ಕ ದಿನಗಳಲ್ಲಿ ಎಲ್ಲರ ಬಾಯಲ್ಲೂ ಅವರು ‘ಮಾಡೋಣ ರಾಯರು’. ಯಾರು ಏನು ಕೇಳಿದರೂ ‘ಅದಕ್ಕೇನಂತೆ, ಮಾಡೋಣ ಬಿಡಿ’ ಎನ್ನುತ್ತಾರೆ. ಆಮೇಲೆ ಕೂತು ಮಾಡುವವರು ಅವರೊಬ್ಬರೇ.

ರಾಯರಿರುವುದು ಲೆಕ್ಕಪತ್ರ ವಿಭಾಗದಲ್ಲಿ. ಅವರ ಮೇಜಿನ ಮೇಲೆ ಅವರದೇ ಕಡತ ಯಾವುದೆಂದು ಹುಡುಕಬೇಕು. ಎಲ್ಲಕ್ಕಿಂತ ಮೇಲಿರುವುದು ಪಕ್ಕದ ಸೀಟಿನವರ ಪ್ರಯಾಣ ಭತ್ಯೆ ಬಿಲ್ಲು. ಅದರಡಿ ಎದುರು ಸೀಟಿನವರ ಮಗಳ ಜಾತಿ ಪ್ರಮಾಣಪತ್ರದ ಅರ್ಜಿ, ಅದರಡಿ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ನಡಾವಳಿ ಪುಸ್ತಕ, ಆಮೇಲೆ ನಿವೃತ್ತರಾಗಿ ಹೋದ ಹಿರಿಯರೊಬ್ಬರ ಪಿಂಚಣಿ ಕಾಗದ. ತಳದಲ್ಲೆಲ್ಲೋ ರಾಯರು ಮಾರ್ಚ್ 31ರೊಳಗೆ ಮುಗಿಸಲೇಬೇಕಾದ ಲೆಕ್ಕ. ನವೆಂಬರ್ ಬಂತೆಂದರೆ ಇವೆಲ್ಲದರ ಮೇಲೆ ರಾಜ್ಯೋತ್ಸವದ ಚಂದಾ ಪುಸ್ತಕ ಬಂದು ಕೂರುತ್ತದೆ. ರಾಜ್ಯೋತ್ಸವ 1ನೇ ತಾರೀಖಿಗೆ ಎಂದು ಕ್ಯಾಲೆಂಡರ್ ಹೇಳಿದರೂ ನಮ್ಮಲ್ಲಿ ಅದು ತಿಂಗಳ ಕೊನೆಯವರೆಗೂ ನಡೆಯುತ್ತದೆ. ಅಷ್ಟೂ ದಿನ ಶಾಮಿಯಾನದವನು ಫೋನ್ ಮಾಡುವುದು ರಾಯರಿಗೇ.

ಅವರನ್ನು ಹಿಡಿಯುವ ಉಪಾಯ ಎಲ್ಲರಿಗೂ ಗೊತ್ತು.

‘ರಾಯರೇ, ಬಿಡುವಾಗಿದ್ದೀರಾ?’

‘ಹೇಳಿ, ಹೇಳಿ.’

‘ಏನಿಲ್ಲ, ಬರೀ ಐದು ನಿಮಿಷದ ಕೆಲಸ.’

ಒಂದು ಅರ್ಜಿ ಬರೆದುಕೊಡಬೇಕು, ಅಷ್ಟೇ. ಬರೆದಾದ ಮೇಲೆ ಜೆರಾಕ್ಸ್ ಆಗಬೇಕು. ಜೆರಾಕ್ಸ್ ಅಂಗಡಿಯಲ್ಲಿ ಕರೆಂಟಿಲ್ಲ, ಮುಂದಿನ ರಸ್ತೆಗೆ ಹೋಗಬೇಕು. ವಾಪಸು ಬಂದರೆ ಸಾಕ್ಷಿ ಸಹಿ ಹಾಕುವವರು ಟೀಗೆ ಹೋಗಿರುತ್ತಾರೆ. ರಾಯರು ಊಟದ ಡಬ್ಬಿ ಬಿಚ್ಚುವಾಗ ಮೂರು ಗಂಟೆ. ಚಿತ್ರಾನ್ನ ತಣ್ಣಗೆ, ಮೊಸರು ಹುಳಿ.

ಸರ್ಕಾರದ ಸೇವೆಗಳಿಗೆ ಇಂತಿಷ್ಟು ದಿನ ಎಂದು ಗಡುವು ಹಾಕಲು ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಉಂಟು. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ರಾಯರ ಹೆಂಡತಿ ಸಲ್ಲಿಸಿದ ಅರ್ಜಿ ಮಾತ್ರ ಆ ಕಾಯ್ದೆಗೆ ಒಳಪಡುವುದಿಲ್ಲ. ಒಳಪಟ್ಟಿದ್ದರೆ 500 ರೂಪಾಯಿ ಎಂದೋ ಭರ್ತಿಯಾಗಿರುತ್ತಿತ್ತು.

ರಾಯರ ಮಗ ಸಾಫ್ಟ್‌ವೇರಿನವನು. ಅಪ್ಪನ ಅವಸ್ಥೆ ನೋಡಲಾರದೆ ನಾಲ್ಕು ಮನೆಗಳ ಒಂದು ಪಟ್ಟಿ ಹಾಕಿಕೊಟ್ಟ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ ತುರ್ತಿನದು ಬೇರೆ, ಮುಖ್ಯವಾದದ್ದು ಬೇರೆ ಎಂದಿದ್ದರಂತೆ. ಸ್ಟೀಫನ್ ಕೋವಿ ಎಂಬವರು 1989ರ ತಮ್ಮ ಪುಸ್ತಕದಲ್ಲಿ ಅದನ್ನೇ ನಾಲ್ಕು ಮನೆ ಮಾಡಿ ಜನಪ್ರಿಯಗೊಳಿಸಿದರಂತೆ. ರಾಯರು ಭಾನುವಾರ ಕೂತು ಶ್ರದ್ಧೆಯಿಂದ ಪಟ್ಟಿ ತುಂಬಿದರು. ತುರ್ತು ಮತ್ತು ಮುಖ್ಯ ಎಂಬ ಮೊದಲ ಮನೆಯಲ್ಲಿ ಊರವರ ಕೆಲಸವೆಲ್ಲ ಬಂದು ತುಂಬಿ ಜಾಗ ಸಾಲದೆ ಹಿಂದಿನ ಪುಟಕ್ಕೂ ಹರಿಯಿತು. ತುರ್ತೂ ಅಲ್ಲ, ಮುಖ್ಯವೂ ಅಲ್ಲ, ಕೈಬಿಡಬಹುದು ಎಂಬ ಕೊನೆಯ ಮನೆಯಲ್ಲಿ ಮೂರೇ ಸಾಲು: ಕಣ್ಣಿನ ಪರೀಕ್ಷೆ, ಬೆಳಗಿನ ವಾಕಿಂಗು, ನಲ್ಲಿ ರಿಪೇರಿ.

ಮಗ ತಲೆ ಚಚ್ಚಿಕೊಂಡು ಟೊಮೇಟೊ ಆಕಾರದ ಟೈಮರ್ ತಂದುಕೊಟ್ಟ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ಕಾಲೇಜು ಓದುವಾಗ, ಅಂಥದ್ದೇ ಅಡುಗೆಮನೆ ಟೈಮರ್ ಇಟ್ಟುಕೊಂಡು ಕಂಡುಕೊಂಡ ಕ್ರಮವಿದು: 25 ನಿಮಿಷ ತಲೆಯೆತ್ತದೆ ಕೆಲಸ, ಆಮೇಲೆ 5 ನಿಮಿಷ ವಿರಾಮ. ರಾಯರು ಅದನ್ನು ಕಚೇರಿಗೆ ಒಯ್ದರು. 25 ನಿಮಿಷಕ್ಕೆ ಟೊಮೇಟೊ ಟ್ರಿಣ್ ಎಂದಿತು. ರಾಯರಿಗೀಗ ಐದು ನಿಮಿಷ ಬಿಡುವು ಎಂದು ಇಡೀ ವಿಭಾಗಕ್ಕೆ ತಿಳಿಯಿತು. ಐದೈದು ನಿಮಿಷದ ಕೆಲಸ ಹಿಡಿದು ಐದು ಜನ ಎದ್ದು ಬಂದರು. ಟೊಮೇಟೊ ಈಗ ಮನೆಯಲ್ಲಿ ಇಡ್ಲಿ ಬೆಂದದ್ದನ್ನು ಸಾರುತ್ತಿದೆ.

ರಾಯರ ಕೈಹಿಡಿದದ್ದು ಕಡೆಗೆ ಪಂಚಾಂಗ. ಒಂದು ಬುಧವಾರ ಹನ್ನೆರಡೂಕಾಲಿಗೆ ಯಾರೋ ಕಾಗದ ಚಾಚಿದಾಗ, ‘ಈಗ ರಾಹುಕಾಲ ಅಲ್ವೇ?’ ಎಂದುಬಿಟ್ಟರು. ಚಾಚಿದ ಕೈ ಸರಕ್ಕನೆ ಹಿಂದೆ ಹೋಯಿತು. ರಾಯರಿಗೆ ಜ್ಞಾನೋದಯ! ಹಗಲನ್ನು ಎಂಟು ಪಾಲು ಮಾಡಿ ಒಂದನ್ನು ರಾಹುವಿಗೆ ಬಿಟ್ಟಿದ್ದಾರೆ. ದಿನಕ್ಕೆ ಸುಮಾರು ಒಂದೂವರೆ ಗಂಟೆ. ಆಗ ಹೊಸ ಕೆಲಸ ಹಿಡಿಯಬಾರದು, ಹಿಡಿದ ಕೆಲಸ ಮುಂದುವರಿಸಲು ಅಡ್ಡಿಯಿಲ್ಲ. ಇದಕ್ಕಿಂತ ಒಳ್ಳೆಯ ಕಚೇರಿ ನಿಯಮ ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿದೆ? ಕೊರತೆ ಎಂದರೆ, ಸೋಮವಾರದ ರಾಹುಕಾಲ ಬೆಳಗ್ಗೆ 7.30ರಿಂದ 9, ಕಚೇರಿ ತೆರೆಯುವ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಭಾನುವಾರದ್ದು ಸಂಜೆ 4.30ರಿಂದ 6, ರಜೆಯ ದಿನ ದಂಡ. ಸಾಲದೆಂದು ರಾಯರು ಯಮಗಂಡಕಾಲವನ್ನೂ ಸೇರಿಸಿಕೊಂಡರು. ಆಗ ಸಾಹೇಬರಿಂದ ಮೆಮೊ ಬಂತು: ಮುಹೂರ್ತ ನೋಡಿ ಬಿಲ್ಲು ತೆಗೆದುಕೊಳ್ಳುವುದು ಯಾವ ನಿಯಮದಡಿ ಎಂದು ತಿಳಿಸತಕ್ಕದ್ದು. ಅದು ಹಾಳಾಗಲಿ, ಬುಧವಾರ ಒಂದೂವರೆಗೆ ರಾಹು ಎದ್ದು ಹೋಗುತ್ತಿದ್ದಂತೆ ಮೇಜಿನ ಮುಂದೆ ಸಾಲು ನಿಲ್ಲತೊಡಗಿತು. ರಾಹು ಕೆಲಸ ಮುಂದೂಡಿದನೇ ಹೊರತು ರಾಯರ ಪರವಾಗಿ ಯಾರಿಗೂ ಇಲ್ಲವೆನ್ನಲಿಲ್ಲ.

ಇಲ್ಲವೆನ್ನುವ ವಿದ್ಯೆ ರಾಯರ ಮನೆಯಲ್ಲೇ ಇತ್ತು. ಅವರ ಹೆಂಡತಿ ಹೈಸ್ಕೂಲು ಮೇಡಂ. ಮಹಿಳಾ ಸಮಾಜದವರು ಫೋನಿನಲ್ಲಿ ನಾಟಕ ಮಾಡಿಸಿಕೊಡಿ ಎಂದರೆ, ‘ಈ ವಾರ ಆಗಲ್ಲ ಕಣ್ರೀ, ಪೇಪರ್ ತಿದ್ದೋದಿದೆ. ಹದಿನೈದರ ಮೇಲಾದ್ರೆ ನೋಡೋಣ’ ಎಂದು ಫೋನಿಟ್ಟು ಒಗ್ಗರಣೆಗೆ ಸಾಸಿವೆ ಹಾಕಿದರು. ಹಿಂದುಮುಂದಿನ ಪೀಠಿಕೆಯಿಲ್ಲ, ಕ್ಷಮಾಪಣೆಯಿಲ್ಲ.

ರಾಯರು ಗಾಬರಿಯಾದರು. ‘ಅವರು ಬೇಜಾರು ಮಾಡ್ಕೊಳ್ಳಲ್ವೇನೇ?’

‘ಬೇಜಾರು ಮಾಡ್ಕೊಂಡು ಕೂರೋಕೆ ಅವರಿಗಾದ್ರೂ ಟೈಮೆಲ್ಲಿದೆ? ಇಷ್ಟೊತ್ತಿಗೆ ಇನ್ನೊಬ್ಬರನ್ನ ಹಿಡಿದಿರ್ತಾರೆ.’

ಹಿಡಿದೂ ಇದ್ದರು. ರಾಯರಿಂದ ಇಂಥ ಉಪಕಾರ ಯಾರಿಗೂ ಆಗುವುದಿಲ್ಲ. ಆ ಪಿಂಚಣಿಯ ಹಿರಿಯರು ಪ್ರತಿ ವಾರ ಎರಡು ಬಸ್ಸು ಬದಲಿಸಿ ಬಂದು, ಮೆಟ್ಟಿಲು ಹತ್ತಿ, ‘ಮಾಡೋಣ ಸಾರ್, ಮರೆತಿಲ್ಲ’ ಎಂಬ ಮಾತು ಕೇಳಿಕೊಂಡು ಇಳಿದು ಹೋಗುತ್ತಾರೆ. ಮೊದಲ ದಿನವೇ ಆಗುವುದಿಲ್ಲ ಎಂದಿದ್ದರೆ ಅವರೂ ಬೇರೆ ಯಾರನ್ನಾದರೂ ಹಿಡಿದು, ಇಷ್ಟರಲ್ಲಿ ಪಿಂಚಣಿ ಎಣಿಸುತ್ತಿದ್ದರು. ರಾಯರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರಿಗೂ ಹೂಂ ಎಂದು ಕಾಯಿಸುವುದಕ್ಕಿಂತ ಒಬ್ಬರಿಗೆ ಆಗಲ್ಲ ಎಂದು ಕಳಿಸುವುದೇ ದೊಡ್ಡ ಒಳ್ಳೆಯತನ.

ಅವರು ಬದಲಾಗುವ ಸೂಚನೆ ಸದ್ಯಕ್ಕಂತೂ ಇಲ್ಲ. ನಿವೃತ್ತಿಯಾದ ಮೇಲೆ ಪುರುಸೊತ್ತಾಗಿರುತ್ತಾರೆಂದು ಸಂಘದವರು ಕಾರ್ಯದರ್ಶಿ ಸ್ಥಾನವನ್ನು ಈಗಲೇ ಕಾದಿರಿಸಿದ್ದಾರೆ. ಆದ್ದರಿಂದ ವಿನಂತಿ ಓದುಗರಲ್ಲೇ: ನಿಮ್ಮ ಕಚೇರಿಯ ರಾಯರ ಮುಂದೆ ಕಾಗದ ಹಿಡಿದು ನಿಲ್ಲುವ ಮೊದಲು ಒಮ್ಮೆ ಯೋಚಿಸಿ. ಕೆಲಸ ನಿಜಕ್ಕೂ ಐದೇ ನಿಮಿಷದ್ದಾದರೆ, ದಯವಿಟ್ಟು ನೀವೇ ಮಾಡಿಕೊಳ್ಳಿ.